ರಾಜನ ಮಂಡಿ, ನನ್ನ ಪಥ್ಯ

ನಮ್ಮ ಲ್ಯಾಬ್ರಡಾರ್ ರಾಜನಿಗೆ 9 ತುಂಬಿದ್ದೇ ತಡ, ಮಂಡಿನೋವಿನಲ್ಲಿ ನನಗೊಬ್ಬ ಜೊತೆಗಾರ ಸಿಕ್ಕ. ಬೆಳಿಗ್ಗೆ ಏಳುವಾಗ ಇಬ್ಬರೂ ‘ಹ್ಞೂಂ’ ಎಂದು ನರಳುತ್ತೇವೆ. ಯಾವುದು ಯಾರ ದನಿ ಎಂದು ಗುರುತಿಸುವ ಉಸಾಬರಿಯನ್ನು ಹೆಂಡತಿ ಬಿಟ್ಟುಬಿಟ್ಟಿದ್ದಾಳೆ. ಉಪಚಾರ ಮಾತ್ರ ಅವನಿಗೇ. ಜಾರುವ ಟೈಲ್ಸ್ ಮೇಲೆ ಅವನ ಕಾಲು ನಾಲ್ಕು ದಿಕ್ಕಿಗೆ ಹೋಗುತ್ತವೆಂದು ಅಡುಗೆಮನೆಯಿಂದ ಬಾಗಿಲವರೆಗೆ ಜಮಖಾನೆ ಹಾಸಿದ್ದೇವೆ, ಮದುವೆಯಲ್ಲಿ ಅತ್ತೆ ಕೊಟ್ಟದ್ದು. ಉಗುರು ಕತ್ತರಿಸುವುದಂತೂ ಕುಸ್ತಿಯೇ. ಕೀಲಿನ ಉರಿಯೂತಕ್ಕೆ ಒಮೆಗಾ-3 ಒಳ್ಳೆಯದೆಂದು ವೈದ್ಯರು ಮೀನೆಣ್ಣೆ ಬರೆದುಕೊಟ್ಟರು. ಸಸ್ಯಾಹಾರಿ ಮನೆಯ ಫ್ರಿಜ್ಜಿನಲ್ಲಿ ಅದೀಗ ಮಜ್ಜಿಗೆಯ ಪಕ್ಕ ಪೇಪರ್ ಸುತ್ತಿಕೊಂಡು ಮರ್ಯಾದೆಯಿಂದ ಕೂತಿದೆ.

ಕಷ್ಟವೆಲ್ಲ ತೂಕದ್ದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವನಪರ್ಯಂತ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು: ಕಾಲುಭಾಗ ಕಡಿಮೆ ತಿಂದವು ಜೊತೆಯವಕ್ಕಿಂತ ಸುಮಾರು 2 ವರ್ಷ ಹೆಚ್ಚು ಬದುಕಿದವು, ಕೀಲುವಾತವೂ ತಡವಾಗಿ ಬಂತು. ಇದನ್ನು ಗಟ್ಟಿಯಾಗಿ ಓದಿ ಹೇಳಿದೆ. ರಾಜ ದೋಸೆಯ ಕಡೆಯೇ ನೋಡುತ್ತಿದ್ದ. ಸತ್ಯ ಹೇಳಬೇಕೆಂದರೆ, ನಾನೂ.

ಮನೆಗೆ ಬರುವವರಲ್ಲಿ ಒಂದೇ ವಿನಂತಿ: ಅವನಿಗೆ ಬಿಸ್ಕತ್ತು ಹಾಕಬೇಡಿ. ಪಾಪ ಎಂದು ನಿಮ್ಮ ಜೇಬಿನ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಗಳಿಗೆ ವಿಷ.