ಅಳಿಯನ ಪ್ಲೇಲಿಸ್ಟ್, ಮಾವನ ಗ್ಲಾಸು

(ಜೋಗೇಶ್ವರಿ ಸ್ಟೇಷನ್. ಚರ್ಚ್‌ಗೇಟ್ ಸ್ಲೋ ಲೋಕಲ್ ಎಂದಿನಂತೆ ತಡ.)

ಅಳಿಯ: ಮಾವ, ನನ್ನ ಪ್ಲೇಲಿಸ್ಟ್ ಕಳಿಸಿದ್ದೇನೆ, ನೋಡಿದಿರಾ? ‘ನನ್ನ ಹಳೆಯ ದಿನಗಳು’. ಮೊದಲಿಗೇ ‘ಎರಡು ಕನಸು’ ಸಿನಿಮಾದ ಹಾಡು, 1974ರದ್ದು.

ಮಾವ: ನೀನು ಹುಟ್ಟಿದ್ದು 2001ರಲ್ಲಲ್ವಾ ಮಾರಾಯ?

ಅಳಿಯ: ನೆನಪಿಗೂ ವಯಸ್ಸಿಗೂ ಎಂಥ ಸಂಬಂಧ?

ಮಾವ: ಅದೂ ಹೌದು. ನಮ್ಮ ಪ್ಲೇಲಿಸ್ಟ್ ಹೋಟೆಲ್ ಧಣಿಗಳ ಕೈಯಲ್ಲಿತ್ತು. ಗಲ್ಲಾದ ಮೇಲೆ ರೇಡಿಯೋ. ಬುಧವಾರ ರಾತ್ರಿ ಎಂಟಕ್ಕೆ ಸಿಲೋನಿನಿಂದ ಅಮೀನ್ ಸಯಾನಿಯ ಬಿನಾಕಾ ಗೀತಮಾಲಾ. ಗಿರಾಕಿಗಳು ತಲೆದೂಗುತ್ತಿದ್ದರು, ನಾನು ಗ್ಲಾಸು ತೊಳೆಯುತ್ತಿದ್ದೆ.

ಅಳಿಯ: ಆಹಾ! ಆಗಿನ ಹಾಡು ಕೇಳಿದರೆ ಈಗಲೂ ಊರು ನೆನಪಾಗ್ತದಾ?

ಮಾವ: ಒಡೆದ ಗ್ಲಾಸು ನೆನಪಾಗ್ತದೆ. ಸಂಬಳದಲ್ಲಿ ಹಿಡಿದುಕೊಂಡರಲ್ಲ.

ಅಳಿಯ: ಸೂಪರ್! ಹಾಡಿನ ಕೆಳಗೆ ಇದನ್ನೇ ಹಾಕ್ತೇನೆ. ಲೈಕ್ ಬೀಳ್ತದೆ.

ಮಾವ: ಹಾಕು. ಆದರೆ ಗ್ಲಾಸು ಒಡೆದದ್ದು ನೀನು ಅಂತ ಬರೀಬೇಡ.

ಅಳಿಯ: ಬರೆದಾಯ್ತು ಮಾವ. ಹನ್ನೆರಡು ಜನ ಅತ್ತಿದ್ದಾರೆ.