ರಾಯರ ಮನೆಯ ಶುದ್ಧ ಕಲ್ಯಾಣ

“ತಂಬೂರಿ ಬಹಳ ಚೆನ್ನಾಗಿ ಕೂತಿದೆ ರಾಯರೇ” ಅಂದೆ.

ರಾಯರ ಮುಖ ಸಪ್ಪಗಾಯಿತು. ಕಾಫಿ ತರುತ್ತಿದ್ದ ಅವರ ಮನೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭೀಮಸೇನ ಜೋಶಿಯವರು ಇನ್ನೂ ಶುರುವೇ ಮಾಡಿರಲಿಲ್ಲ. ನಾನು ಕಣ್ಣು ಮುಚ್ಚಿ ತಲೆದೂಗಿದ್ದು ಕರೆಂಟಿನ ಗುಂಯ್ ಎನ್ನುವ ಸದ್ದಿಗೆ. 50 ಹರ್ಟ್ಸ್, ಅಪ್ಪಟ ಸರ್ಕಾರಿ ಶ್ರುತಿ. “ಅದು ತಂಬೂರಿ ಅಲ್ಲಯ್ಯ, ಅರ್ಥಿಂಗ್ ಸರಿಯಿಲ್ಲ” ಎಂದು ರಾಯರು ಟಾರ್ಚು ಹಿಡಿದು ಪ್ಲೇಯರಿನ ಹಿಂದಕ್ಕೆ ಬಗ್ಗಿದರು. ಅವತ್ತಿನ ಕಛೇರಿ ಅಲ್ಲಿಗೆ ಮುಗಿಯಿತು.

ಇಂಥ ರಾಯರು ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದಾರು. ಯಾವುದೋ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ರಿಟೈರಾದ ಮಾರನೇ ದಿನವೇ ಅಟ್ಟ ಹತ್ತಿ, ಹಳೇ ಪಂಚೆಯಲ್ಲಿ ಸುತ್ತಿಟ್ಟ ಎಪ್ಪತ್ತರ ದಶಕದ ರೆಕಾರ್ಡ್ ಪ್ಲೇಯರನ್ನು ಎದೆಗವಚಿಕೊಂಡು ಇಳಿಯುವವರು. ಜೇಬಿನಲ್ಲಿ ಪೆನ್ನಿರುವುದಿಲ್ಲ, ಟೆಸ್ಟರ್ ಇರುತ್ತದೆ. ಮೊಮ್ಮಗುವನ್ನು ಯಾರು ಹೇಗೆ ಎತ್ತಿಕೊಂಡರೂ ಸುಮ್ಮನಿರುತ್ತಾರೆ, ರೆಕಾರ್ಡು ಮುಟ್ಟಿದರೆ ಮಾತ್ರ “ಅಂಚು ಹಿಡೀರಿ, ಅಂಚು!” ಎಂದು ಚೀರುತ್ತಾರೆ.

ಆ ಪ್ಲೇಯರಿಗೆ ಒಂದು ಕಾಲದಲ್ಲಿ ಜೊತೆಗಾರನಾಗಿ ದೊಡ್ಡದೊಂದು ಆಂಪ್ಲಿಫೈಯರ್ ಇತ್ತಂತೆ. ಅದರ ಬೆನ್ನಿನ ‘ಫೋನೋ’ ಎಂಬ ತೂತಿಗೆ ವೈರು ಸಿಕ್ಕಿಸಿದರೆ ಹಾಡು ಬರುತ್ತಿತ್ತು. ಒಳಗೆ ಏನು ನಡೆಯುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಅದು ಯಾವತ್ತೋ ಹಳೇ ಪೇಪರಿನವನ ತಕ್ಕಡಿ ಏರಿತ್ತು. ಮೊನ್ನೆ ಮಗ ಅಮೆರಿಕದಿಂದ ಬಂದವನು ಒಂದು ಜೊತೆ ಪವರ್ಡ್ ಸ್ಪೀಕರ್ ತಂದ. “ಅಪ್ಪಾ, ಆಂಪ್ಲಿಫೈಯರ್ ಇದರ ಹೊಟ್ಟೆಯೊಳಗೇ ಇದೆ. ಸುಮ್ನೆ ಸಿಕ್ಕಿಸಿದ್ರಾಯ್ತು” ಎಂದು ಹೇಳಿ ವಿಮಾನ ಹತ್ತಿದ. ರಾಯರು ಸುಮ್ಮನೆ ಸಿಕ್ಕಿಸಿದರು. ಬೆಂಕಿಪೊಟ್ಟಣದಲ್ಲಿ ಸೊಳ್ಳೆಯನ್ನು ಕೂಡಿಹಾಕಿದಂಥ ದನಿ ಬಂತು. ವಾಲ್ಯೂಮ್ ಪೂರ್ತಿ ತಿರುಗಿಸಿದರು. ಸೊಳ್ಳೆಗೆ ಸ್ವಲ್ಪ ಕೋಪ ಬಂತು, ಅಷ್ಟೆ.

ರಾಯರು ಪ್ರೀಆಂಪ್ ಎಂಬ ಪದ ಕಲಿತದ್ದು ಆವಾಗ. ಈಗ ಹಾಲಿನವನಿಗೂ ಅದು ಗೊತ್ತು.

“ನೋಡಪ್ಪ, ಸೂಜಿ ಗೆರೆಯಲ್ಲಿ ಓಡಾಡಿ ಹುಟ್ಟಿಸೋದು ನಾಲ್ಕೋ ಐದೋ ಮಿಲಿವೋಲ್ಟು. ಸ್ಪೀಕರಿಗೆ ಬೇಕಾದ್ದು ಅದರ ನೂರರಷ್ಟು. ಸೂಜಿ ಪಿಸುಗುಟ್ಟುತ್ತೆ, ಸ್ಪೀಕರಿಗೆ ಕಿವಿ ಮಂದ. ಮಧ್ಯೆ ಒಬ್ಬರು ಬೇಕು. ನಮ್ಮ ವಠಾರದಲ್ಲಿ ನಲ್ಲಿ ಹತ್ರ ಆಡಿದ ಪಿಸುಮಾತನ್ನ ಹಿಂದಿನ ಬೀದಿಗೆ ಮುಟ್ಟಿಸ್ತಿದ್ರಲ್ಲ ನಮ್ಮ ಸೋದರತ್ತೆ, ಅವರೇ ಪ್ರೀಆಂಪ್.”

“ಅಂದ್ರೆ ಬರೀ ಜೋರು ಮಾಡೋದು” ಅಂದದ್ದು ನನ್ನ ತಪ್ಪು.

“ಅತ್ತೆ ಬರೀ ಜೋರಾಗಿ ಹೇಳ್ತಿದ್ರೇನಯ್ಯಾ? ತಿದ್ದಿ ಹೇಳ್ತಿದ್ರು!”

ಮುಂದಿನ ಅರ್ಧ ಗಂಟೆಯ ಉಪನ್ಯಾಸದ ಸಾರ ಇಷ್ಟು: ರೆಕಾರ್ಡು ಕೊರೆಯುವಾಗ ಮಂದ್ರದ ದನಿಗಳನ್ನು ತಗ್ಗಿಸಿ ತಾರದ ದನಿಗಳನ್ನು ಏರಿಸಿರುತ್ತಾರೆ. ಮಂದ್ರವನ್ನು ಇದ್ದ ಹಾಗೆ ಕೊರೆದರೆ ಗೆರೆ ಓಲಾಡಿ ಪಕ್ಕದ ಗೆರೆಯ ಜಾಗಕ್ಕೆ ಕೈಹಾಕುತ್ತದೆ. ಒಂದು ಬದಿಗೆ ಇಪ್ಪತ್ತು ನಿಮಿಷದ ಹಾಡು ಹಿಡಿಸುವುದಿಲ್ಲ. ಏರಿಸಿದ ತಾರವನ್ನು ಕೇಳುವಾಗ ಇಳಿಸಿದರೆ ಅದರ ಜೊತೆಗೇ ಸೂಜಿಯ ಸರಸರವೂ ಇಳಿಯುತ್ತದೆ. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದಕ್ಕೆ 1954ರ ಸುಮಾರಿಗೆ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಒಂದು ಲೆಕ್ಕ ಗೊತ್ತುಮಾಡಿತು. ಆರ್‌ಐಎಎ ಎಂದು ಅದಕ್ಕೆ ಹೆಸರು. ಪ್ರೀಆಂಪ್ ಆ ಲೆಕ್ಕವನ್ನು ತಿರುಗುಮುರುಗು ಮಾಡುತ್ತದೆ.

“ಉಪ್ಪು ಕಮ್ಮಿ, ಹುಳಿ ಜಾಸ್ತಿ ಹಾಕಿಟ್ಟ ಸಾರನ್ನ ಬಡಿಸೋವಾಗ ಸರಿಮಾಡೋದು” ಎಂದು ಅವರ ಮನೆಯವರು ಒಳಗಿನಿಂದ ಹೇಳಿದರು. ರಾಯರಿಗೆ ಕೇಳಿಸಲಿಲ್ಲ. ಅವರ ಕಿವಿ ಎಡ ಸ್ಪೀಕರಿಗೆ ಅಂಟಿತ್ತು.

ಹೊಸಬರು ಸಿಕ್ಕರೆ ಬೇರೆಯವರು ಗೋತ್ರ ಕೇಳುವಂತೆ ಇವರು ಸೂಜಿ ಕೂರುವ ಕಾರ್ಟ್ರಿಜ್ ಯಾವುದೆಂದು ಕೇಳುತ್ತಾರೆ. “ನಿಮ್ಮದು ಎಂಎಂ ಓ, ಎಂಸಿ ಓ?” ಎಂಎಂ ಎಂದರೆ ಅಯಸ್ಕಾಂತ ಅಲುಗಾಡುವುದು, ನೂರು ಪಟ್ಟಿಗೆ ತೃಪ್ತಿ. ಎಂಸಿಯಲ್ಲಿ ಅಲುಗಾಡುವುದು ಸುರುಳಿ. ಸಾಮಾನ್ಯವಾಗಿ ಅದಕ್ಕೆ ಸಾವಿರ ಪಟ್ಟು ಬೇಕು. ಎಂಸಿಯವರೆಂದರೆ ರಾಯರು ಎದ್ದು ನಿಂತು ಕುರ್ಚಿ ಕೊಡುತ್ತಾರೆ. ಅವರ ಭಾವಮೈದುನರ ಮನೆಯಲ್ಲಿ ಸ್ಪೀಕರು ಒಳಗೇ ಇರುವ ಸಣ್ಣ ಹಳೇ ಪ್ಲೇಯರಿದೆ. ಅದರದು ಸೆರಾಮಿಕ್ ಕಾರ್ಟ್ರಿಜ್. ತಾನೇ ನೂರಾರು ಮಿಲಿವೋಲ್ಟು ಕೊಡುತ್ತದೆ, ಪ್ರೀಆಂಪಿನ ಹಂಗೇ ಇಲ್ಲ. ಸ್ವಿಚ್ ಒತ್ತಿದರೆ ರಾಜ್‌ಕುಮಾರ್ ಹಾಡುತ್ತಾರೆ, ಮನೆಮಂದಿ ಊಟ ಮಾಡುತ್ತಾರೆ. “ಅದು ಸೆರಾಮಿಕ್ಕು” ಎಂದು ರಾಯರು ಸಂಬಂಧವನ್ನೇ ಹರಿದುಕೊಳ್ಳುವ ದನಿಯಲ್ಲಿ ಹೇಳುತ್ತಾರೆ.

ಗುಂಯ್ ಸದ್ದಿನ ಕಥೆ ಇನ್ನೂ ದೊಡ್ಡದು. ಅರ್ಥಿಂಗ್ ಎಂದ ಕೂಡಲೇ ಅವರು ಕಾಂಪೌಂಡಿನ ಮೂಲೆಯ ಅರ್ಥಿಂಗ್ ಗುಂಡಿಗೆ ಎರಡು ಕೆಜಿ ಕಲ್ಲುಪ್ಪು ಸುರಿದು ವಾರವೆಲ್ಲ ನೀರು ಹಾಕಿದರು. ದಾಸವಾಳದ ಗಿಡ ಒಣಗಿತು, ಗುಂಯ್ ಹಾಗೇ ಇತ್ತು. ಫ್ರಿಜ್ ಆರಿಸಿ ನೋಡಿದರು, ಹಾಲು ಒಡೆಯಿತು. ಪಕ್ಕದ ಮನೆಯ ಇನ್ವರ್ಟರ್ ಮೇಲೆ ಅನುಮಾನಪಟ್ಟು ಅವರ ಜೊತೆ ಒಂದು ವಾರ ಮಾತು ಬಿಟ್ಟರು. ಪ್ಲೇಯರಿನ ಹಿಂದೆ ಕೆಂಪು ಬಿಳಿ ವೈರುಗಳ ಜೊತೆ ಒಂದು ತೆಳ್ಳನೆಯ ಹಸಿರು ತಂತಿ ಇಲಿಯ ಬಾಲದ ಹಾಗೆ ನೇತಾಡುತ್ತಿತ್ತು. ಅದನ್ನು ಪ್ರೀಆಂಪಿನ ತಿರುಪಿಗೆ ಬಿಗಿಯಬೇಕು. ರಾಯರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಒಂದು ತಿರುಪಿನಲ್ಲಿ ವಾಸಿಯಾಗುವ ಕಾಯಿಲೆ ತಮ್ಮಂಥವರ ಮನೆಗೆ ಬರುವುದಿಲ್ಲ ಎಂಬ ನಂಬಿಕೆ. ಮೂರನೇ ವಾರ, ಬೇರೆ ದಾರಿ ಕಾಣದೆ, ಕಿಲುಬು ಹಿಡಿದ ಅದರ ತುದಿಯನ್ನು ಹುಣಸೇಹಣ್ಣಿನಿಂದ ತಿಕ್ಕಿ, ಒರೆಸಿ ಬಿಗಿದರು. ಗುಂಯ್ ನಿಂತಿತು. ನನಗಂತೂ ಮನೆ ಬಿಕೋ ಎನ್ನಿಸಿತು.

ಆಮೇಲೆ ಪ್ಲೇಯರೂ ಸ್ಪೀಕರೂ ಒಂದೇ ಟೀಪಾಯಿಯ ಮೇಲಿದ್ದು, ಸ್ಪೀಕರಿನ ನಡುಕ ಸೂಜಿಗೆ ಹತ್ತಿ ಮನೆಯೆಲ್ಲ ಊಳಿಟ್ಟಿತು. ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಕಡಪ ಕಲ್ಲು ಹಾಲಿಗೆ ಬಂದು ಪ್ಲೇಯರಿನ ಪೀಠವಾಯಿತು. ಸೂಜಿಯ ಭಾರ ಒಂದೂಮುಕ್ಕಾಲು ಗ್ರಾಂ ಇರಬೇಕೆಂದು ಅದಕ್ಕೇ ಒಂದು ಪುಟ್ಟ ತಕ್ಕಡಿ ತಂದರು. ಮಗಳ ಮದುವೆಯ ಚಿನ್ನವನ್ನೂ ಇಷ್ಟು ಎಚ್ಚರದಿಂದ ತೂಗಿಸಿರಲಿಲ್ಲ.

ಹೋದ ಭಾನುವಾರ ಮತ್ತೆ ಕರೆ ಬಂತು. “ಬಾರಯ್ಯ, ಎಲ್ಲಾ ಸರಿಹೋಗಿದೆ. ಶುದ್ಧ ಕಲ್ಯಾಣ ಕೇಳೋಣ.” ಹೋದೆ. ರೆಕಾರ್ಡಿಗೆ ಬ್ರಷ್ ಆಯಿತು, ಸೂಜಿಗೆ ಬ್ರಷ್ ಆಯಿತು. ತಂಬೂರಿ ಎದ್ದಿತು, ಈ ಸಲ ನಿಜವಾದದ್ದು. ಭೀಮಸೇನರು ಷಡ್ಜ ಹಿಡಿದರು. ಹೇಳಬಾರದು, ಮೈ ಝುಮ್ಮೆಂದಿತು. ಕಪ್ಪಿನ ಕಾಫಿ ಕೈಯಲ್ಲೇ ಉಳಿಯಿತು. ಇಷ್ಟೆಲ್ಲ ಪಡಿಪಾಟಲು ಯಾಕೆಂದು ಅರೆನಿಮಿಷ ನನಗೂ ಅರ್ಥವಾಯಿತು. ವಿಲಂಬಿತ್ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಎರಡನೇ ನಿಮಿಷಕ್ಕೆ ರಾಯರು ಎದ್ದು ಸೂಜಿ ಎತ್ತಿದರು.

“ಬಲಗಡೆ ಒಂಚೂರು ಕಮ್ಮಿ ಅನ್ನಿಸ್ತಿಲ್ವಾ?”

ಇಲ್ಲ ಅಂದೆ. ಟಾರ್ಚು ಆಗಲೇ ಹೊರಬಂದಿತ್ತು.

ಆ ಮನೆಗೆ ಹೋಗಿಬರಲು ತೊಡಗಿ ಎರಡು ವರ್ಷವಾಯಿತು. ಇದುವರೆಗೆ ಅಲ್ಲಿ ಯಾವ ರಾಗದ ದ್ರುತವನ್ನೂ ನಾನು ಕೇಳಿಲ್ಲ. ಕಾಫಿ ಮಾತ್ರ ಪ್ರತಿಸಲವೂ ಪೂರ್ತಿ ಸಿಗುತ್ತದೆ.