ಜಾಮೀನು ಮಗಳದು

ಬ್ಯಾಂಕಿನಲ್ಲಿ 34 ವರ್ಷ ದುಡಿದವನು ನಾನು. ಅಷ್ಟು ವರ್ಷ ಎದುರಿಗೆ ಕೂತವರಿಂದ ಎಷ್ಟು ಕಾಗದ ಕೇಳಿದ್ದೇನೋ ಲೆಕ್ಕವಿಲ್ಲ. ಪಹಣಿ ತನ್ನಿ, ನೋ ಡ್ಯೂ ತನ್ನಿ, ಜಾಮೀನುದಾರರನ್ನು ಕರೆತನ್ನಿ. ಎಲ್ಲ ತಂದ ಮೇಲೆ, "ಇದರ ಜೆರಾಕ್ಸ್ ಎಲ್ಲಿ?" ಅವರೆಲ್ಲರ ಶಾಪ ಒಟ್ಟಾಗಿ ತಟ್ಟಿದ್ದು, ಮ್ಯೂನಿಕ್‌ನಲ್ಲಿರುವ ಮಗಳು "ಅಪ್ಪಾ, ಅಮ್ಮನ್ನ ಕರ್ಕೊಂಡು ಒಂದೂವರೆ ತಿಂಗಳು ಇದ್ದು ಹೋಗು" ಎಂದಾಗ.

ಅದಕ್ಕೆ ಬೇಕಾದದ್ದು ಷೆಂಗೆನ್ ವೀಸಾ. ಯಾವ 180 ದಿನ ತೆಗೆದುಕೊಂಡರೂ ಅದರಲ್ಲಿ 90 ದಿನ ಮೀರಬಾರದು. ಅಂಥ ಅಲ್ಪಾವಧಿ ವೀಸಾ. ಅಲ್ಪಾವಧಿ ಎಂದ ಕೂಡಲೇ ನನಗೆ ನೆನಪಾದದ್ದು ಬೆಳೆಸಾಲ. ಬ್ಯಾಂಕಿಗೆ ಹಣ ಹಿಂದಕ್ಕೆ ಬರುತ್ತದೋ ಇಲ್ಲವೋ ಎಂಬ ಚಿಂತೆ. ಇವರಿಗೆ ಮನುಷ್ಯ ಹಿಂದಕ್ಕೆ ಹೋಗುತ್ತಾನೋ ಇಲ್ಲವೋ ಎಂಬ ಚಿಂತೆ.

ಅರ್ಜಿಯ ಮೊದಲ ಕಾಲಂನಲ್ಲೇ ಎಡವಿದೆ. ಸರ್‌ನೇಮ್! ನಮ್ಮ ಕಡೆ ಅದೆಲ್ಲಿದೆ? ಹೆಸರಿನ ಮುಂದೆ ಒಂದು ಇನಿಷಿಯಲ್ ಇಟ್ಟುಕೊಂಡು ಓದಿ, ಮದುವೆಯಾಗಿ, ರಿಟೈರ್ ಆದವರು ನಾವು. ನನ್ನದು 'ಎಚ್'. ಪಾಸ್‌ಪೋರ್ಟಿಗೆ ಬಿಡಿಸಿ ಬರೆಯಿರಿ ಎಂದರು. ಬಿಡಿಸಿದರೆ ಹೊಸಹೊಳಲು ಆಯಿತು. ಕೆ.ಆರ್. ಪೇಟೆ ಪಕ್ಕದ ನಮ್ಮೂರು. ಹೊಯ್ಸಳರ ಲಕ್ಷ್ಮೀನಾರಾಯಣ ಗುಡಿಯಿದೆ, ನೋಡಬೇಕಾದ್ದು. ಇನ್ನು ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಕೂತಿರುವುದು ನನ್ನ ಹೆಸರು. ಮಗಳದ್ದರಲ್ಲೂ ನನ್ನ ಹೆಸರೇ. ಹೀಗಾಗಿ ತಾಯಿ ಮಗಳು ಒಂದು ಮನೆತನ, ನಾನೊಬ್ಬ ಯಾರೋ ಹೊಸಹೊಳಲಿನವನು.

ನಾನೂ ಈ ಮನೆಯವನೇ ಎಂದು ಜರ್ಮನಿಯವರಿಗೆ ತೋರಿಸಲು ಮದುವೆ ಸರ್ಟಿಫಿಕೇಟ್ ಬೇಕಾಯಿತು. ಅದು ಇರಲೇ ಇಲ್ಲ. ಅವತ್ತು ಹೋಳಿಗೆ ಊಟ ಮಾಡಿ ಹೋದ ಆರುನೂರು ಮಂದಿಯೇ ಸಾಕ್ಷಿ ಎಂದುಕೊಂಡಿದ್ದೆವು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಲಗ್ನಪತ್ರಿಕೆ, ಫೋಟೊ, ಮೂವರು ಸಾಕ್ಷಿಗಳ ಸಮೇತ ಹೋಗಿ ಮೂವತ್ತೈದು ವರ್ಷ ತಡವಾಗಿ ಸಹಿ ಹಾಕಿದೆವು. ಮೆಟ್ಟಿಲಿಳಿಯುವಾಗ ಇವಳು, "ರೀ, ಯೋಚನೆ ಮಾಡೋಕೆ ಇನ್ನೊಂದು ಅವಕಾಶ ಸಿಕ್ಕಿತ್ತು, ಕಳ್ಕೊಂಡೆ" ಎಂದಳು.

ಈ ಹೆಸರಿನ ರಗಳೆಯಲ್ಲಿ ನನಗೆ ಸಮಾಧಾನ ಕೊಟ್ಟದ್ದು ಷೆಂಗೆನ್ನೇ. ಅದೂ ಒಂದು ಹಳ್ಳಿ! ಲಕ್ಸೆಂಬರ್ಗಿನಲ್ಲಿ, ಜರ್ಮನಿ ಮತ್ತು ಫ್ರಾನ್ಸ್ ಬಂದು ಕೂಡುವ ಕಡೆ, ಮೊಸೆಲ್ ನದಿಯ ದಂಡೆಯಲ್ಲಿದೆ. 1985ರ ಜೂನ್ 14ರಂದು ಐದು ದೇಶದವರು ಅಲ್ಲೊಂದು ಹಡಗಿನಲ್ಲಿ ಕೂತು, ನಮ್ಮ ನಮ್ಮ ನಡುವಿನ ಗಡಿ ತಪಾಸಣೆ ತೆಗೆದುಬಿಡೋಣ ಎಂದು ಸಹಿ ಹಾಕಿದರು. ಈಗ 29 ದೇಶಗಳು ಸೇರಿವೆ. ಅವರ ವೀಸಾದ ಹೆಸರು ಒಂದು ಹಳ್ಳಿ, ನನ್ನ ಸರ್‌ನೇಮೂ ಒಂದು ಹಳ್ಳಿ. ಜಾತಕ ಕೂಡಿಬಂತು ಎಂದುಕೊಂಡೆ.

ಆದರೆ ಜರ್ಮನಿಯವರು ಜಾಮೀನು ಕೇಳುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ಫೆರ್‌ಪ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್ ಎನ್ನುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಸಾಲದ ಒಂದು ಕಂತು ಬಾಕಿ ಬೀಳುತ್ತದೆ. ಮಗಳು ಅಲ್ಲಿನ ವಿದೇಶಿಯರ ಕಚೇರಿಗೆ (ನನ್ನ ಹೆಂಡತಿಯ ಬಾಯಲ್ಲಿ ಅದು ಪರದೇಶಿಗಳ ಕಚೇರಿ) ಹೋಗಿ, ಸಂಬಳದ ಚೀಟಿ ತೋರಿಸಿ, 29 ಯೂರೋ ಕಟ್ಟಿ, ಅಪ್ಪ ಅಮ್ಮನ ಖರ್ಚೆಲ್ಲ ನನ್ನದು, ಅವರನ್ನು ವಾಪಸು ಅಟ್ಟಬೇಕಾಗಿ ಬಂದರೆ ಆ ಖರ್ಚೂ ನನ್ನದು ಎಂದು ಬರೆದುಕೊಟ್ಟಳು. ಚಿಕ್ಕಂದಿನಲ್ಲಿ ನಾನು ಅವಳಿಗೆ ತಪ್ಪದೆ ಹೇಳುತ್ತಿದ್ದ ಬುದ್ಧಿಮಾತು ಎರಡೇ. ರಾತ್ರಿ ಹಲ್ಲುಜ್ಜಿ ಮಲಗು. ಯಾರಿಗೂ ಜಾಮೀನು ನಿಲ್ಲಬೇಡ.

ಇನ್ನು ವಿಮೆ. ಕನಿಷ್ಠ 30,000 ಯೂರೋ ಮೊತ್ತದ್ದು ಬೇಕು. ಕಾಯಿಲೆ ಬಿದ್ದರೆ ಊರಿಗೆ ಸಾಗಿಸುವ ವೆಚ್ಚವೂ ಅದರಲ್ಲಿರಬೇಕು, ಸತ್ತರೆ ಹೆಣ ಸಾಗಿಸುವ ವೆಚ್ಚವೂ ಇರಬೇಕು. ಅಂತೂ ನಾನು ಅಲ್ಲಿ ಉಳಿಯುವುದು ಯಾವ ಸ್ಥಿತಿಯಲ್ಲೂ ಅವರಿಗೆ ಬೇಡ.

ವಾಪಸು ಬರುತ್ತೇನೆಂದು ನಂಬಿಸಲು ಒಂದು ಪತ್ರವನ್ನೂ ಬರೆದೆ. ಪ್ರತಿ ನವೆಂಬರಿನಲ್ಲಿ ನಾನು ಜೀವಂತ ಇದ್ದೇನೆಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡದಿದ್ದರೆ ಪೆನ್ಷನ್ ನಿಲ್ಲುತ್ತದೆ, ಆದಕಾರಣ ಬಂದೇ ಬರುತ್ತೇನೆ ಎಂದು. ಜೊತೆಗೆ ಊರಿನ ಒಂದು ಎಕರೆ ನಾಲ್ಕು ಗುಂಟೆಯ ಪಹಣಿ ಇಟ್ಟೆ.

ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಕೂತಿದ್ದಾಗ "ಹೊಸಹೊಳಲು!" ಎಂದು ಕೂಗಿದರು. ಊರಿನವರು ಯಾರೋ ಬಂದಿದ್ದಾರೆಂದು ತಿರುಗಿ ನೋಡಿದೆ. ಇವಳು ತಿವಿದ ಮೇಲೆ ಎದ್ದೆ. ಕೌಂಟರಿನ ಹುಡುಗಿ ಕಡತ ತಿರುವುತ್ತಾ ಪಹಣಿಯ ಹತ್ತಿರ ನಿಂತಳು. "ಸರ್, ಇದು ಕನ್ನಡದಲ್ಲಿದೆ, ಇಂಗ್ಲಿಷ್ ಟ್ರಾನ್ಸ್‌ಲೇಷನ್ ಬೇಕಿತ್ತು" ಎಂದವಳು, ದನಿ ತಗ್ಗಿಸಿ, "ತರಿನಾ ಖುಷ್ಕಿನಾ?" ಎಂದಳು. "ನಾಲೆ ನೀರು ಬಂದರೆ ತರಿ, ಬಾರದಿದ್ದರೆ ಖುಷ್ಕಿ" ಎಂದೆ. ಮಂಡ್ಯದವಳೇ ಇರಬೇಕು, ನಕ್ಕಳು. ಪಹಣಿಯನ್ನು ಮಾತ್ರ ವಾಪಸು ಕೊಟ್ಟಳು.

ಆಮೇಲೆ ಬೆರಳಚ್ಚು. ನೋಟು ಎಣಿಸಿ ಎಣಿಸಿ ಗೆರೆ ಸವೆದುಹೋಗಿದ್ದವೋ ಏನೋ, ಗಾಜಿನ ಮೇಲೆ ಎಷ್ಟು ಒತ್ತಿದರೂ ಮೆಷಿನ್ ಒಪ್ಪಲಿಲ್ಲ. ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಿ ಎಂದರು. ನಾಲ್ಕನೆಯ ಸಲಕ್ಕೆ ಹತ್ತೂ ಬೆರಳು ಹೆಬ್ಬೆಟ್ಟಾದವು. ನಾನು ಶಾಖೆಯಲ್ಲಿದ್ದಾಗ ಒಬ್ಬ ಮುದುಕ ಬೆಳೆಸಾಲದ ಕಾಗದಕ್ಕೆ ಹೀಗೇ ಒತ್ತಿ ಒತ್ತಿ ಸುಸ್ತಾಗಿ, "ಸ್ವಾಮಿ, ನಾನೆಲ್ಲಿಗೆ ಓಡೋಯ್ತೀನಿ, ಜಮೀನು ಇಲ್ಲೇ ಐತಲ್ಲ" ಎಂದಿದ್ದ. ಆಗ ನಾನು ತಲೆಯೆತ್ತದೆ, "ಇನ್ನೊಂದು ಸಲ ಒತ್ತು" ಎಂದಿದ್ದೆ.

ತಲಾ 90 ಯೂರೋ ಶುಲ್ಕ ಕಟ್ಟಿ ಮೈಸೂರಿಗೆ ಬಂದೆವು. ಹನ್ನೊಂದನೆಯ ದಿನ ಕೊರಿಯರ್ ಬಂತು. ಇಬ್ಬರಿಗೂ ವೀಸಾ ಸಿಕ್ಕಿತ್ತು. ನಗಬಾರದು, ಹಲ್ಲು ಕಾಣಬಾರದು ಎಂದು ತೆಗೆಸಿದ್ದ ಫೋಟೊದಲ್ಲಿ ನಾನು ಸಾಲ ಮುಳುಗಿಸಿ ಸಿಕ್ಕಿಬಿದ್ದವನ ಹಾಗಿದ್ದೇನೆ.

ಮಗಳಿಗೆ ಫೋನು ಮಾಡಿದೆ. ಖುಷಿಪಟ್ಟಳು. ಫೋನಿಡುವ ಮುಂಚೆ, "ಅಪ್ಪಾ, ವಾಪಸ್ ಟಿಕೆಟ್ ಡೇಟ್ ಮಾತ್ರ ತಪ್ಪಿಸ್ಬೇಡ, ಸೈನ್ ಮಾಡಿರೋಳು ನಾನು" ಎಂದಳು.

ಟಿಕೆಟ್ ಅಕ್ಟೋಬರ್ 19ಕ್ಕಿದೆ. ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು ತೋರಿಸಬೇಕು.